ಗ್ಲಾಡಿಯೇಟರ್ ದೀಪ ಸೋರಿತು, ಫೋರ್ಟಿಸ್ ದೀಪ ಉರಿಯಿತು

ಅರ್ಜೆಂಟಲ್ಲಿ ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ರೋಮನ್ ಕಾಲದ ಮಣ್ಣಿನ ಎಣ್ಣೆದೀಪದ ನಕಲು ಕೊಳ್ಳಬೇಕು ಅಂತಿದ್ದರೆ ದೀಪದ ಮೇಲೆ ಮೂಡಿಸಿರುವ ಚಿತ್ರ ನೋಡಿ ಮರುಳಾಗಬೇಡಿ. ಮೊದಲು ಮೂತಿ ನೋಡಿ. ಬತ್ತಿ ಇಡುವ ತೂತಿನೊಳಗೆ ನಿಮ್ಮ ಕಿರುಬೆರಳ ತುದಿ ಹೋಗಬೇಕು. ಹೋಗದಿದ್ದರೆ ಅದು ದೀಪ ಅಲ್ಲ, ಷೋಕೇಸ್ ಗೊಂಬೆ. ನಾನು ಎರಡು ಕೊಂಡೆ. ಒಂದಕ್ಕೆ 5ಕ್ಕೆ 1 ಕೊಡುತ್ತೇನೆ, ಇನ್ನೊಂದಕ್ಕೆ ನಾಲ್ಕೂವರೆ. ಯಾಕೆ ಅನ್ನೋದು ಸ್ವಲ್ಪ ಉದ್ದದ ಕಥೆ.

ನಾನಿರುವುದು ಇಟಲಿಯ ಮೊಡೆನಾದಲ್ಲಿ. ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸ. ಕಳೆದ ವರ್ಷ ರಜೆಯಲ್ಲಿ ಹೆಂಡತಿ ಜೊತೆ ಪೊಂಪೆಗೆ ಹೋಗಿದ್ದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಮುಚ್ಚಿಹೋದ ರೋಮನ್ ಊರು. ಬಿಸಿಲು ಅಂದರೆ ಬಿಸಿಲು, ಕಲ್ಲುಹಾಸಿನ ಬೀದಿಯಲ್ಲಿ ನಡೆದೂ ನಡೆದೂ ಕಾಲು ಬಿದ್ದುಹೋಗಿತ್ತು. ಹೊರಗೆ ಬಂದ ಮೇಲೆ ನಿಂಬೆ ಶರಬತ್ತು ಕುಡಿಯೋಣ ಅಂತ ನಿಂತ ಜಾಗದ ಪಕ್ಕದಲ್ಲೇ ನೆನಪಿನ ಕಾಣಿಕೆಗಳ ಅಂಗಡಿ. ಹೆಸರು ಬೇಡ, ಅಂಥವು ಅಲ್ಲಿ ಸಾಲುಸಾಲಾಗಿವೆ. ಒಂದು ಹಲಗೆಯ ಮೇಲೆ ಹತ್ತಿಪ್ಪತ್ತು ದೀಪ ಜೋಡಿಸಿಟ್ಟಿದ್ದರು. ಒಂದರ ಮೇಲೆ ಗೂಳಿ, ಒಂದರ ಮೇಲೆ ಹಡಗು, ಒಂದರ ಮೇಲೆ ನಾಟಕದ ಮುಖವಾಡ. ಇನ್ನು ಕೆಲವು ದೀಪಗಳ ಮೇಲಿನ ಚಿತ್ರ ಏನು ಅಂತ ನಾನು ಬಗ್ಗಿ ನೋಡುವಷ್ಟರಲ್ಲಿ ಹೆಂಡತಿ "ರೀ, ಈ ಕಡೆ ಬನ್ನಿ ಸಾಕು" ಅಂತ ತೋಳು ಹಿಡಿದು ಎಳೆದಳು. ನಿಮಗೆ ಅರ್ಥ ಆಗಿರಬೇಕು. ನಾನು ಗ್ಲಾಡಿಯೇಟರ್, ಅಂದರೆ ಅಖಾಡದಲ್ಲಿ ಜನರೆದುರು ಕಾದಾಡುವ ರೋಮನ್ ಕಾಳಗದವನು, ಇದ್ದದ್ದನ್ನು ಎತ್ತಿಕೊಂಡೆ. 15 ಯೂರೋ. ಉರಿಯುತ್ತಾ ಅಂತ ಕೇಳಿದೆ. ಉರಿಯುತ್ತೆ, ಎಣ್ಣೆ ಹಾಕಿ ಹಚ್ಚಿ, ಅಂದ ಅಂಗಡಿಯವ.

ಮನೆಗೆ ಬಂದು ತಿರುಗಿಸಿ ನೋಡಿದೆ. ನಿಜವಾದ ರೋಮನ್ ದೀಪದಲ್ಲಿ ಎಷ್ಟೋ ಸಲ ತಳದಲ್ಲಿ ಮಾಡಿದವರ ಹೆಸರು ಇರುತ್ತದೆ. ಇದರ ತಳದಲ್ಲಿ ಬೆಲೆಯ ಚೀಟಿ. ಉಗುರಲ್ಲಿ ಕೆರೆದು ತೆಗೆದರೆ ಅದರ ಕೆಳಗೆ ಇನ್ನೊಂದು ಚೀಟಿ, ಇರುವೆ ಸಾಲಿನಂಥ ಅಕ್ಷರದಲ್ಲಿ, "ಅಲಂಕಾರಕ್ಕೆ ಮಾತ್ರ". ಅಲ್ಲೇ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ.

ಬತ್ತಿಯ ತೂತು ಎಷ್ಟು ಸಣ್ಣದು ಅಂದರೆ, ಊರಿಂದ ಬಂದಿದ್ದ ಹತ್ತಿ ಬತ್ತಿಯನ್ನು ಅರ್ಧ ಸೀಳಿ, ಹೊಸೆದು, ಹೇರ್‌ಪಿನ್ನಲ್ಲಿ ತಳ್ಳಬೇಕಾಯಿತು. ಎಣ್ಣೆ ಹುಯ್ಯುವ ತೂತು ಚಿತ್ರದ ಮಧ್ಯೆಯೇ ಇದೆ. ಅದು ತಪ್ಪಲ್ಲ, ರೋಮನ್ ದೀಪದಲ್ಲೂ ಹಾಗೇ. ಮೇಲಿನ ದುಂಡು ತಟ್ಟೆ ಸ್ವಲ್ಪ ತಗ್ಗಾಗಿರುತ್ತದೆ, ಚೆಲ್ಲಿದ ಎಣ್ಣೆ ತಾನಾಗೇ ತೂತಿಗೆ ಇಳಿಯಲಿ ಅಂತ. ಆದರೆ ಇಲ್ಲಿ ತೂತಿನ ಸುತ್ತ ಏಣು ಬಿಟ್ಟಿದ್ದರಿಂದ ಎಣ್ಣೆ ಇಳಿಯದೆ, ಸೋತು ಮಂಡಿಯೂರಿದ ಗ್ಲಾಡಿಯೇಟರ್‌ನ ಕಾಲ ಸಂದಿಯಲ್ಲೇ ನಿಂತುಬಿಟ್ಟಿತು. ಪಾಪ, ಅವನು ಒಂದು ಬೆರಳೆತ್ತಿ ಶರಣು ಅನ್ನುತ್ತಿದ್ದಾನೆ, ಸುತ್ತ ಆಲಿವ್ ಎಣ್ಣೆಯ ಕೆರೆ.

ಹಚ್ಚಿದೆ. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಮೂತಿಗೆ ಬಳಿದಿದ್ದ ಕಪ್ಪು ಬಣ್ಣ ಬಿಸಿಗೆ ಉಬ್ಬಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಅರ್ಧ ಗಂಟೆಗೆ ತಳದಿಂದ ಎಣ್ಣೆ ಜಿನುಗಿ ಮೇಜಿನ ಮೇಲೆ ದುಂಡಗೆ ಕಲೆ. ಎತ್ತಿ ತೊಟ್ಟಿಗೆ ಹಾಕೋಣ ಅಂತ ಹೋದರೆ ಮೂತಿಯಿಂದ ಒಂದು ಬಿಸಿ ಹನಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ರೋಮನ್ನರ ಕಾಲದ ಒಂದು ಕಥೆ ಇದೆ. ಸೈಕಿ ಅನ್ನುವ ಹುಡುಗಿ ತನ್ನ ಗಂಡ ಯಾರು ಅಂತ ನೋಡಲು ರಾತ್ರಿ ದೀಪ ಹಿಡಿದು ಬಗ್ಗುತ್ತಾಳೆ, ದೀಪದಿಂದ ಕಾದ ಎಣ್ಣೆಯ ಹನಿ ಅವನ ಭುಜದ ಮೇಲೆ ಬೀಳುತ್ತದೆ. ಅವನು ಮನ್ಮಥನೇ ಆಗಿರುತ್ತಾನೆ, ಎದ್ದು ಹಾರಿಹೋಗುತ್ತಾನೆ. ಓದಿದಾಗ ಕವಿಯ ಕಲ್ಪನೆ ಅಂದುಕೊಂಡಿದ್ದೆ. ಅಲ್ಲ. ಅಪುಲೇಯಸ್ ಅದನ್ನು ಬರೆಯುವ ಮೊದಲು ಅವನ ಕೈ ಮೇಲೂ ಒಂದೆರಡು ಸಲ ಬಿದ್ದಿರಬೇಕು.

ಅಮ್ಮನಿಗೆ ಫೋನಲ್ಲಿ ಈ ಗೋಳು ಹೇಳಿಕೊಂಡೆ. ಅವರು ತುಮಕೂರಲ್ಲಿದ್ದಾರೆ. ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ನೀರಲ್ಲಿ ನೆನೆಸಿದ್ಯೇನೋ?" ಅಂದರು.

ನೆನೆಸಿರಲಿಲ್ಲ. ದೀಪಾವಳಿಗೆ ಹೊಸ ಹಣತೆ ತಂದರೆ ರಾತ್ರಿಯಿಡೀ ಬಕೆಟ್ ನೀರಲ್ಲಿ ಮುಳುಗಿಸಿ, ಬೆಳಿಗ್ಗೆ ಬಟ್ಟೆ ಮೇಲೆ ಬೋರಲು ಹಾಕಿ ಒಣಗಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಗುಳ್ಳೆ ಬರುತ್ತಿದ್ದುದನ್ನು ನೋಡುತ್ತಾ ಕೂತಿದ್ದೇನೆ, ಆದರೂ ಇದು ರೋಮನ್ ದೀಪ ಅಂದ ತಕ್ಷಣ ಅದೆಲ್ಲ ತಲೆಯಿಂದ ಹಾರಿಹೋಗಿತ್ತು. ಮಣ್ಣು ಮಣ್ಣೇ ಅಲ್ವಾ. ಅದರಲ್ಲಿ ಕಣ್ಣಿಗೆ ಕಾಣದ ರಂಧ್ರ ಇರುತ್ತವೆ, ಮೊದಲು ನೀರು ಕುಡಿದರೆ ಆಮೇಲೆ ಎಣ್ಣೆ ಕಡಿಮೆ ಕುಡಿಯುತ್ತದೆ. ಗ್ಲಾಡಿಯೇಟರ್‌ನನ್ನೂ ನೆನೆಸಿದೆ. ಸೋರುವುದು ಕಡಿಮೆ ಆಯಿತು, ಆದರೆ ಬಣ್ಣ ಅರ್ಧ ಬಕೆಟ್‌ನಲ್ಲೇ ಉಳಿಯಿತು. ಈಗ ಅವನು ಪುಸ್ತಕದ ಕಪಾಟಿನಲ್ಲಿದ್ದಾನೆ, ಪಿನ್ನು, ರಬ್ಬರ್‌ಬ್ಯಾಂಡ್ ಹಾಕುವುದಕ್ಕೆ ಪರವಾಗಿಲ್ಲ.

ಒಂದು ಮಾತು ಆ ದೀಪದ ಪರವಾಗಿಯೂ ಹೇಳಬೇಕು. ಚಿತ್ರ ಮಸುಕಾಗಿದೆ ಅಂತ ನಾನು ಬೈದುಕೊಂಡಿದ್ದೆ. ಗ್ಲಾಡಿಯೇಟರ್‌ನ ಮುಖ ಚಪ್ಪಟೆ, ಗುರಾಣಿ ಒಂದು ಉಬ್ಬು ಅಷ್ಟೇ. ಆದರೆ ಇದು ಅಪ್ಪಟ ರೋಮನ್ ದೋಷ. ಅವರ ದೀಪ ಮಾಡುವ ವಿಧಾನ ಹೀಗೆ. ಮೊದಲು ಒಂದು ಮೂಲ ದೀಪವನ್ನು ಕೈಯಲ್ಲಿ ಚೆನ್ನಾಗಿ ಮಾಡುತ್ತಾರೆ. ಅದರ ಮೇಲರ್ಧಕ್ಕೊಂದು, ಕೆಳಅರ್ಧಕ್ಕೊಂದು ಅಚ್ಚು ತೆಗೆಯುತ್ತಾರೆ, ಗಾರೆಯದೋ ಮಣ್ಣಿನದೋ. ಎರಡೂ ಅಚ್ಚಿಗೆ ಹಸಿ ಜೇಡಿ ಒತ್ತಿ, ಒಂದರ ಮೇಲೊಂದು ಕೂರಿಸಿ ಅಂಟಿಸುತ್ತಾರೆ. ಸ್ವಲ್ಪ ಗಟ್ಟಿಯಾದ ಮೇಲೆ ಅಚ್ಚು ಬಿಡಿಸಿ, ಎಣ್ಣೆಗೊಂದು ಬತ್ತಿಗೊಂದು ತೂತು ಚುಚ್ಚಿ, ಅಂಚು ಸವರಿ, ತಿಳಿಜೇಡಿಯಲ್ಲಿ ಅದ್ದಿ, ಒಣಗಿಸಿ ಆವಿಗೆಗೆ ಹಾಕುತ್ತಾರೆ. ತಿಗುರಿ ತಿರುಗಿಸುವ ಕೆಲಸವೇ ಇಲ್ಲ. ಅಚ್ಚು ಇದ್ದರೆ ಹೊಸಬನೂ ದಿನಕ್ಕೆ ಬೇಕಾದಷ್ಟು ಒತ್ತಬಹುದು.

ಆದರೆ ಅಚ್ಚು ಇಲ್ಲದವನು ಏನು ಮಾಡಬೇಕು? ಪೇಟೆಯಿಂದ ಒಂದು ದೀಪ ಕೊಂಡು ತಂದು, ಅದರಿಂದಲೇ ಅಚ್ಚು ತೆಗೆದ. ಜೇಡಿ ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ಹಾಗಾಗಿ ನಕಲು ಮೂಲಕ್ಕಿಂತ ಚಿಕ್ಕದು, ನಕಲಿನ ನಕಲು ಇನ್ನೂ ಚಿಕ್ಕದು, ಪ್ರತಿ ಸಲವೂ ಗ್ಲಾಡಿಯೇಟರ್‌ನ ಮೂಗು ಇನ್ನಷ್ಟು ಸವೆದಿರುತ್ತದೆ. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ನನ್ನ 15 ಯೂರೋ ದೀಪ ಹೀಗೆ ಎಷ್ಟನೇ ತಲೆಮಾರಿನದೋ ದೇವರೇ ಬಲ್ಲ.

ಚಿತ್ರಗಳ ವಿಷಯ ಬಂದಿದ್ದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಜನ ಈ ದೀಪ ಕೊಳ್ಳುವುದೇ ಚಿತ್ರಕ್ಕೆ. ಅಂಗೈ ಅಗಲದ ದೀಪ, ಅದರ ಮೇಲೆ ಅದಕ್ಕಿಂತ ಸಣ್ಣ ತಟ್ಟೆ, ಆ ಜಾಗದಲ್ಲಿ ಅವರ ಇಡೀ ಪ್ರಪಂಚವೇ ಇದೆ. ಹದ್ದಿನ ಜೊತೆ ಅವರ ದೇವರಾಜ ಜೂಪಿಟರ್, ಶಿರಸ್ತ್ರಾಣದ ದೇವಿ ಮಿನರ್ವ, ರಥದ ಓಟ, ಬೇಟೆನಾಯಿ, ಚಿಪ್ಪು, ದ್ರಾಕ್ಷಿ. ಗ್ಲಾಡಿಯೇಟರ್ ಅಂತೂ ಈಗಿನ ಕ್ರಿಕೆಟಿಗರ ಪೋಸ್ಟರ್ ಇದ್ದ ಹಾಗೆ. ಹೊಸ ವರ್ಷಕ್ಕೆ ಕೊಡುವ ದೀಪ ಬೇರೆಯೇ ಇತ್ತು. ರೆಕ್ಕೆಯ ವಿಜಯದೇವಿ ಗುರಾಣಿ ಹಿಡಿದು ನಿಂತಿರುತ್ತಾಳೆ, ಗುರಾಣಿಯ ಮೇಲೆ ಹೊಸ ವರ್ಷ ಶುಭವಾಗಲಿ, ಸುಖವಾಗಲಿ ಅಂತ ಲ್ಯಾಟಿನ್ನಲ್ಲಿ ಬರೆದಿರುತ್ತದೆ. ಸುತ್ತ ನಾಣ್ಯ, ಖರ್ಜೂರ, ಅಂಜೂರದ ಚಿತ್ರ, ಯಾಕೆಂದರೆ ಹೊಸ ವರ್ಷಕ್ಕೆ ಅವರು ಹಂಚುತ್ತಿದ್ದದ್ದೇ ಅವು. ನನಗೆ ಮಜಾ ಅನ್ನಿಸಿದ್ದು ಏನೆಂದರೆ, ಕೆಲವು ದೀಪಗಳಲ್ಲಿ "ನಿನಗೆ" ಶುಭವಾಗಲಿ ಅಂತಿದ್ದರೆ ಕೆಲವದರಲ್ಲಿ "ನನಗೆ" ಅಂತ ಇದೆ. ಎರಡನೆಯದನ್ನು ಯಾರು ಯಾರಿಗೆ ಕೊಡುತ್ತಿದ್ದರೋ. ಬಹುಶಃ ತಮಗೆ ತಾವೇ ಕೊಂಡುಕೊಳ್ಳುತ್ತಿದ್ದರು.

ಹೆಂಡತಿ ನೋಡಲು ಬಿಡದ ದೀಪಗಳಿಗೂ ಒಂದು ವಕಾಲತ್ತು ಇದೆ. ಮಾರ್ಷಿಯಲ್ ಎಂಬ ಕವಿ ಹಬ್ಬದ ಉಡುಗೊರೆಗಳಿಗೆ ಅಂಟಿಸುವಂಥ ಎರಡೆರಡು ಸಾಲಿನ ಪದ್ಯ ಬರೆದಿದ್ದಾನೆ, ಮೊದಲ ಶತಮಾನದಲ್ಲಿ. ಅದರಲ್ಲಿ ಮಲಗುವ ಕೋಣೆಯ ದೀಪ ತಾನೇ ಮಾತಾಡುತ್ತದೆ. ನಿನ್ನ ಹಾಸಿಗೆಯ ಗುಟ್ಟೆಲ್ಲ ನನಗೆ ಗೊತ್ತು, ಏನು ಬೇಕಾದರೂ ಮಾಡಿಕೋ, ನಾನು ಬಾಯಿ ಬಿಡಲ್ಲ, ಅನ್ನುವ ಅರ್ಥ. ಇದನ್ನು ಹೆಂಡತಿಗೆ ಓದಿ ಹೇಳಿದೆ. ನಕ್ಕಳು. ಆದರೂ ಆ ದೀಪ ಕೊಳ್ಳಲು ಅನುಮತಿ ಸಿಕ್ಕಿಲ್ಲ.

ಈಗ ಎರಡನೆಯ ದೀಪ. ಇದರಲ್ಲಿ ಚಿತ್ರವೇ ಇಲ್ಲ.

ನಮ್ಮೂರ ಹತ್ತಿರ ಒಂದು ಜಾತ್ರೆಯಂಥ ಮೇಳ ಆಗುತ್ತದೆ, ಜನ ರೋಮನ್ ಸೈನಿಕರ ವೇಷ ಹಾಕಿಕೊಂಡು ಬರುತ್ತಾರೆ, ಹಂದಿಮಾಂಸ ಸುಡುತ್ತಾರೆ, ಮಕ್ಕಳು ಮರದ ಕತ್ತಿ ಹಿಡಿದು ಓಡಾಡುತ್ತವೆ. ಅಲ್ಲಿ ಒಬ್ಬ ವಯಸ್ಸಾದ ಕುಂಬಾರರು ಕೂತಿದ್ದರು. ಮುಂದೆ ಗೋಣಿಯ ಮೇಲೆ ಇಟ್ಟಿಗೆ ಬಣ್ಣದ ಬೋಳು ದೀಪಗಳು. ನಾನು ಹಿಂದಿನ ಪಾಠ ನೆನೆದು ಸೀದಾ ತಿರುಗಿಸಿ ತಳ ನೋಡಿದೆ. ಚೀಟಿ ಇರಲಿಲ್ಲ. ಮಣ್ಣಿನಲ್ಲೇ ಉಬ್ಬಿದ ದಪ್ಪಕ್ಷರ, ಫೋರ್ಟಿಸ್. "ಇದು ಇಲ್ಲಿನದೇ" ಅಂದರು ಅವರು, ಮೂರು ಸಲ, ಎದೆ ತಟ್ಟಿಕೊಂಡು. 22 ಯೂರೋ. ಎರಡು ಯೂರೋ ಬಿಡಿ ಅಂದೆ, ಬಿಡಲಿಲ್ಲ.

ಅವರು ಎದೆ ತಟ್ಟಿಕೊಂಡಿದ್ದು ಸುಮ್ನೆ ಅಲ್ಲ. ಮೊಡೆನಾಗೆ ರೋಮನ್ನರ ಕಾಲದಲ್ಲಿ ಮುಟಿನಾ ಅಂತ ಹೆಸರು. ಮೊದಲ ಶತಮಾನದ ಉತ್ತರಾರ್ಧದಲ್ಲಿ ಈ ಭಾಗದಲ್ಲಿ ಒಂದು ಹೊಸ ಥರದ ದೀಪ ಬಂತು. ಚಿತ್ರ ಗಿತ್ರ ಇಲ್ಲ, ಗಟ್ಟಿ ಗೋಡೆ, ತಳದಲ್ಲಿ ದೊಡ್ಡದಾಗಿ ಹೆಸರು. ಪುರಾತತ್ವದವರು ಇವಕ್ಕೆ ಜರ್ಮನ್‌ನಲ್ಲಿ ಫಿರ್ಮಾಲಾಂಪೆನ್ ಅನ್ನುತ್ತಾರೆ, ಕಂಪನಿ ದೀಪ ಅಂತ. ಸ್ಟ್ರೋಬಿಲಸ್, ಕಮ್ಯೂನಿಸ್, ಯೂಕಾರ್ಪಸ್ ಹೀಗೆ ಹಲವು ಹೆಸರುಗಳಿವೆ, ಎಲ್ಲಕ್ಕಿಂತ ಜಾಸ್ತಿ ಓಡಿದ ಹೆಸರು ಫೋರ್ಟಿಸ್. ಆ ಪದದ ಅರ್ಥ ಗಟ್ಟಿಗ. 2008ರಲ್ಲಿ ಮೊಡೆನಾದಲ್ಲಿ ಅಗೆಯುವಾಗ ಆ ಕಾಲದ ಕುಂಬಾರರು ಕೆಟ್ಟ ಮಾಲು ಎಸೆಯುತ್ತಿದ್ದ ಗುಂಡಿ ಸಿಕ್ಕಿತು, ಫೋರ್ಟಿಸ್ ಹೆಸರಿನ ದೀಪಗಳೂ ಅದರಲ್ಲಿದ್ದವು. ನಾನು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು, ರಿಜೆಕ್ಟ್ ಆದ ಮಾಲಿನ ಗುಂಡಿ ಅಂದರೆ ನನಗೆ ಎಲ್ಲಿಲ್ಲದ ಪ್ರೀತಿ. ಒಬ್ಬ ತಯಾರಕನ ಬಗ್ಗೆ ಅಂಗಡಿಯ ಮಾಲಿಗಿಂತ ಕಸದ ಗುಂಡಿ ಜಾಸ್ತಿ ಹೇಳುತ್ತದೆ.

ಈ ಹೆಸರಿನ ದೀಪ ರೋಮನ್ ಸಾಮ್ರಾಜ್ಯದ ಮೂಲೆಮೂಲೆಯಲ್ಲಿ ಸಿಕ್ಕಿದೆ. ಆದರೆ ಎಲ್ಲವೂ ಇಲ್ಲಿಂದ ಹೋದದ್ದಲ್ಲ. ಬೇರೆ ಕಡೆಯ ಕುಂಬಾರರು ದೀಪದಿಂದ ಅಚ್ಚು ತೆಗೆಯುವಾಗ ತಳದ ಹೆಸರನ್ನೂ ಹಾಗೇ ಎತ್ತಿಬಿಟ್ಟರು. ಕೆಲವರಿಗೆ ಅದು ಹೆಸರು ಅಂತಲೂ ತಿಳಿಯದೆ ದೀಪದ ಒಂದು ಭಾಗ ಅಂದುಕೊಂಡಿದ್ದರೂ ಆಶ್ಚರ್ಯ ಇಲ್ಲ. ನಮ್ಮ ಪೇಟೆಗಳಲ್ಲಿ ಒಂದಕ್ಷರ ತಿರುಚಿ ಬ್ರ್ಯಾಂಡೆಡ್ ಶೂ ಮಾರುತ್ತಾರಲ್ಲ, ಅವರು ಅಕ್ಷರ ತಿರುಚುವ ಕಷ್ಟವನ್ನೂ ತಗೊಂಡಿರಲಿಲ್ಲ.

ಬಳಕೆಗೆ ಬರೋಣ. ಈ ಸಲ ಮೊದಲು ನೆನೆಸಿದೆ, ಒಂದು ರಾತ್ರಿ. ಒಂದು ಹಗಲು ನೆರಳಲ್ಲಿ ಒಣಗಿಸಿದೆ. ಬತ್ತಿಗೆ ನಾರಗಸೆಯ ದಾರ ಹೊಸೆದೆ, ರೋಮನ್ನರು ಹೆಚ್ಚಾಗಿ ಬಳಸುತ್ತಿದ್ದದ್ದು ಅದನ್ನೇ, ಹತ್ತಿಯನ್ನಲ್ಲ. ಬತ್ತಿ ಸಲೀಸಾಗಿ ಹೋಯಿತು. ಎಣ್ಣೆ ಹುಯ್ಯಲು ಮಕ್ಕಳಿಗೆ ಔಷಧಿ ಕುಡಿಸುವ ಸಿರಿಂಜ್ ಬಳಸಿದೆ, ಅದೊಂದು ಒಳ್ಳೆಯ ಉಪಾಯ, ಬೇಕಾದರೆ ಇಟ್ಟುಕೊಳ್ಳಿ. 30 ಮಿಲಿಲೀಟರ್ ಆಲಿವ್ ಎಣ್ಣೆ. ಹತ್ತಿದ ಮೇಲೆ ನಾಲ್ಕು ಗಂಟೆ ಉರಿಯಿತು, ಮಧ್ಯೆ ಎರಡು ಸಲ ಬತ್ತಿ ಮುಂದೆ ಎಳೆದಿದ್ದು ಬಿಟ್ಟರೆ ಏನೂ ಮಾಡಬೇಕಾಗಲಿಲ್ಲ. ತಳ ಒಣಗಿಯೇ ಇತ್ತು. ಕೆಳಗೆ ಹಾಸಿದ ಟಿಶ್ಯೂ ಕಾಗದದ ಮೇಲೆ ಒಂದು ಚುಕ್ಕಿ ಕಲೆ, ಅಷ್ಟೇ.

ಯಾಕೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಕೂತು ನೋಡಿದೆ. ತಟ್ಟೆಯ ಸುತ್ತ ಒಂದು ಏಣು ಇದೆ, ಅದು ಮೂತಿಯ ಕಡೆ ಮುಚ್ಚಿಕೊಂಡಿಲ್ಲ. ಅಲ್ಲಿಂದ ಬತ್ತಿಯವರೆಗೆ ಒಂದು ಪುಟ್ಟ ಕಾಲುವೆ. ಬತ್ತಿಯ ಹತ್ತಿರ ಉಕ್ಕಿದ ಎಣ್ಣೆ ಹೊರಗೆ ಚೆಲ್ಲದೆ ಆ ಕಾಲುವೆಯಲ್ಲೇ ವಾಪಸ್ ಬಂದು ತಟ್ಟೆಯ ತೂತಿಗೆ ಇಳಿಯುತ್ತದೆ. ಚಿತ್ರದ ದೀಪದಲ್ಲಿ ಈ ದಾರಿ ಇಲ್ಲ, ತಟ್ಟೆಯ ಸುತ್ತ ಅಂಚು ಪೂರ್ತಿ ದುಂಡಗೆ ಮುಚ್ಚಿರುತ್ತದೆ. ಚಿತ್ರಕ್ಕೆ ಚೌಕಟ್ಟು ಬೇಕಲ್ವಾ. ಅಂದರೆ ಚಂದಕ್ಕೆ ಹಾಕಿದ ಚೌಕಟ್ಟೇ ಎಣ್ಣೆಗೆ ಅಡ್ಡಗೋಡೆ. ಇದನ್ನು ಕಂಡುಹಿಡಿದವನು ನನ್ನ ಸೆಕ್ಷನ್ನಿನಲ್ಲಿ ಇದ್ದಿದ್ದರೆ ಬಡ್ತಿ ಕೊಡಿಸುತ್ತಿದ್ದೆ.

ಇನ್ನೊಂದು, ದೀಪ ಚಪ್ಪಟೆಯಾಗಿ ಅಗಲವಾಗಿರುವುದು. ಎಣ್ಣೆ ಬತ್ತಿಯಲ್ಲಿ ಸ್ವಲ್ಪ ದೂರ ಮಾತ್ರ ಮೇಲೇರುತ್ತದೆ. ಬುಡ ಆಳವಾಗಿದ್ದರೆ ಎಣ್ಣೆ ಇಳಿದಂತೆ ಕುಡಿ ಸಣ್ಣದಾಗುತ್ತಾ ಹೋಗುತ್ತದೆ. ಅಗಲವಾಗಿದ್ದರೆ ಅಷ್ಟೇ ಎಣ್ಣೆ ಖರ್ಚಾದರೂ ಮಟ್ಟ ಜಾಸ್ತಿ ಇಳಿಯುವುದಿಲ್ಲ. ನಮ್ಮ ಹಣತೆಯೂ ಇದೇ ಕಾರಣಕ್ಕೆ ಅಗಲ. ಆದರೆ ನಮ್ಮದು ಮೇಲೆ ತೆರೆದಿರುವುದರಿಂದ ಇಟ್ಟ ಕಡೆ ಇರಬೇಕು, ಇದನ್ನು ಹಿಡಿದುಕೊಂಡು ಅಡುಗೆಮನೆಯಿಂದ ಹಜಾರಕ್ಕೆ ನಡೆಯಬಹುದು. ನಡೆದು ನೋಡಿದೆ. ಒಂದು ಹನಿ ಬೀಳಲಿಲ್ಲ.

ಬೆಳಕು? ಸುಳ್ಳು ಹೇಳಲ್ಲ, ಕಡಿಮೆ. ಒಂದು ಮೇಣದಬತ್ತಿಯಷ್ಟು ಅಥವಾ ಅದಕ್ಕಿಂತ ತುಸು ಕಮ್ಮಿ. ಒಂದು ಅಡಿ ದೂರದಲ್ಲಿ ಮೊಬೈಲ್ ಆ್ಯಪ್ ಇಟ್ಟು ಅಳೆದರೆ ಏಳೆಂಟು ಲಕ್ಸ್ (ಬೆಳಕಿನ ಅಳತೆ) ತೋರಿಸಿತು. ಪುಸ್ತಕ ದೀಪದ ಹತ್ತಿರ ಹಿಡಿದರೆ ಓದಬಹುದು, ತರಕಾರಿ ಹೆಚ್ಚಲು ಹೋಗಬೇಡಿ. ಇಷ್ಟರಲ್ಲಿ ಹೇಗಪ್ಪಾ ಬದುಕಿದರು ಅನ್ನಿಸಿತು. ಉತ್ತರ ಸುಲಭ, ಜಾಸ್ತಿ ದೀಪ. ಪೊಂಪೆಯ ಫೋರಮ್, ಅಂದರೆ ಊರ ಮುಖ್ಯ ಚೌಕದ ಪಕ್ಕದ ಸ್ನಾನಗೃಹ ಒಂದರಲ್ಲೇ ಸಾವಿರಕ್ಕೂ ಹೆಚ್ಚು ದೀಪ ಸಿಕ್ಕಿವೆ. ಔತಣಕ್ಕೆ ಹಲವು ಮೂತಿಯ ದೀಪ ಇತ್ತು. ಮಾರ್ಷಿಯಲ್‌ನ ಇನ್ನೊಂದು ಪದ್ಯದಲ್ಲಿ ಅಂಥದ್ದೊಂದು ದೀಪ, ಇಷ್ಟೊಂದು ಬತ್ತಿ ಹೊತ್ತು ಇಡೀ ಔತಣವನ್ನು ಬೆಳಗುತ್ತೇನೆ, ಆದರೂ ನನ್ನನ್ನು ಒಂದೇ ದೀಪ ಅನ್ನುತ್ತಾರೆ ಅಂತ ಗೊಣಗುತ್ತದೆ.

ಬೀದಿಯಲ್ಲಂತೂ ಕತ್ತಲೋ ಕತ್ತಲು. ಪೊಂಪೆಯ ಗೋಡೆಗಳ ಮೇಲೆ ಚುನಾವಣೆಯ ಬರಹಗಳಿವೆ, ರಾತ್ರಿ ಹೊತ್ತು ಏಣಿ ಹಾಕಿಕೊಂಡು ಬರೆಯುತ್ತಿದ್ದರು. ಒಬ್ಬ ಬರಹಗಾರ ಕೊನೆಗೆ ತನ್ನ ಹೆಸರು ಹಾಕಿ, ಬೆಳದಿಂಗಳಲ್ಲಿ ಒಬ್ಬನೇ ಬರೆದೆ ಅಂತ ಸೇರಿಸಿದ್ದಾನೆ. ಇನ್ನೊಬ್ಬ "ಲಾಂದ್ರದವನೇ, ಏಣಿ ಹಿಡ್ಕೋ" ಅಂತ ಗೋಡೆ ಮೇಲೇ ಬರೆದುಬಿಟ್ಟಿದ್ದಾನೆ. ರೋಮ್ ನಗರದ ಟ್ರಾಸ್ಟೆವೆರೆಯಲ್ಲಿ 1866ರಲ್ಲಿ ರೋಮನ್ ಕಾಲದ ಬೆಂಕಿ ಆರಿಸುವ ದಳದ ಒಂದು ಠಾಣೆ ಸಿಕ್ಕಿತು. ಅದರ ಗೋಡೆಗಳ ಮೇಲೆ ಕಾವಲುಗಾರರು ಗೀಚಿದ ಬರಹಗಳಲ್ಲಿ ಕೊಬ್ಬಿನ ದೀಪದ ಡ್ಯೂಟಿಯ ಮಾತು ಮತ್ತೆ ಮತ್ತೆ ಬರುತ್ತದೆ. ಒಬ್ಬ ಬರೆದಿದ್ದಾನೆ, "ಸುಸ್ತಾಗಿದೆ, ಬದಲಿ ಜನ ಕೊಡಿ." ನೈಟ್ ಶಿಫ್ಟ್ ಮಾಡಿದವರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ.

ಮಸಿಯ ಬಗ್ಗೆ ಎಚ್ಚರ. ಬಾಡಿಗೆ ಮನೆಯವರು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮೂರನೇ ವಾರಕ್ಕೆ ನಮ್ಮ ಹಜಾರದ ಬಿಳಿ ಗೋಡೆಯ ಮೇಲೆ ಒಂದು ಬೂದು ನೆರಳು ಕಂಡಿತು. ಒರೆಸಿದರೆ ಹರಡಿತು. ಮನೆ ಮಾಲೀಕರ ಹತ್ತಿರ ಏನು ಹೇಳಲಿ, ಎರಡು ಸಾವಿರ ವರ್ಷ ಹಳೆಯ ತಂತ್ರಜ್ಞಾನ ಪರೀಕ್ಷಿಸುತ್ತಿದ್ದೆ ಅನ್ನಲೇ? ಸುಣ್ಣದ ಬಣ್ಣದ ಡಬ್ಬಿ ಒಂದು ಖರ್ಚು ಬಂತು. ಜುವೆನಲ್ ಎಂಬ ಕವಿ ಮೇಷ್ಟರ ಕಷ್ಟ ಹೇಳುವಾಗ ಇದೇ ಮಸಿಯ ಮಾತು ಎತ್ತುತ್ತಾನೆ. ಬೆಳಕು ಹರಿಯುವ ಮುಂಚೆಯೇ ಪಾಠ ಶುರು, ಎಷ್ಟು ಹುಡುಗರೋ ಅಷ್ಟು ದೀಪದ ವಾಸನೆ ಮೇಷ್ಟರ ಮೂಗಿಗೆ, ಮಸಿ ಹತ್ತಿ ಹತ್ತಿ ಕವಿಗಳಾದ ಹೊರೇಸ್, ವರ್ಜಿಲ್ ಇಬ್ಬರ ಪುಸ್ತಕಗಳೂ ಕರ್ರಗಾಗಿವೆ. ಇಷ್ಟಾದರೂ ಸಂಬಳ ಮಾತ್ರ ಸರಿಯಾಗಿ ಬರಲ್ಲ ಅಂತ ಅವನ ತಕರಾರು. ಬತ್ತಿ ತೀರಾ ಉದ್ದ ಎಳೆಯದೆ, ಕುಡಿಯನ್ನು ಒಂದು ಬೆರಳಗಲದಷ್ಟಕ್ಕೆ ಇಟ್ಟರೆ ಹೊಗೆ ತುಂಬ ಕಡಿಮೆ ಅನ್ನುವುದನ್ನು ನಾನು ಬಣ್ಣ ಬಳಿದ ಮೇಲೆ ಕಲಿತೆ.

ಖರ್ಚು ಲೆಕ್ಕ ಹಾಕಿದೆ. ಲೀಟರಿಗೆ 9 ಯೂರೋ ಎಣ್ಣೆ, ಗಂಟೆಗೆ ಏಳೂವರೆ ಮಿಲಿಲೀಟರ್, ಅಂದರೆ ಗಂಟೆಗೆ ಏಳು ಸೆಂಟ್. ಒಂದು ದೀಪಕ್ಕೆ ಏನೂ ಅಲ್ಲ. ಸ್ನಾನಗೃಹದ ಸಾವಿರ ದೀಪಕ್ಕೆ ಲೆಕ್ಕ ಹಾಕಿ. ರೋಮ್‌ನಲ್ಲಿ ಮೊಂಟೆ ಟೆಸ್ಟಾಚೊ ಅಂತ ಒಂದು ಗುಡ್ಡ ಇದೆ, ಸುಮಾರು 35 ಮೀಟರ್ ಎತ್ತರ. ಅದು ಗುಡ್ಡವೇ ಅಲ್ಲ. ಒಡೆದ ಎಣ್ಣೆ ಗಡಿಗೆಗಳ ರಾಶಿ, ಹೆಚ್ಚಿನವು ದಕ್ಷಿಣ ಸ್ಪೇನಿನಿಂದ ಬಂದವು, ಒಂದೊಂದರಲ್ಲಿ ಸುಮಾರು 70 ಲೀಟರ್. ಅಷ್ಟೂ ದೀಪಕ್ಕೆ ಹೋಗಲಿಲ್ಲ, ಅಡುಗೆಗೂ ಮೈಗೆ ಹಚ್ಚಲೂ ಅದೇ ಎಣ್ಣೆ. ಒಲೆಗೂ ದೀಪಕ್ಕೂ ಒಂದೇ ಡಬ್ಬಿಯಿಂದ ಹುಯ್ಯಬೇಕು ಅಂದರೆ ಬಡವರ ಮನೆಯಲ್ಲಿ ಯಾವುದು ಮೊದಲು ನಿಲ್ಲುತ್ತಿತ್ತು ಅಂತ ಹೇಳಬೇಕಾಗಿಲ್ಲ. ಆಲಿವ್ ಬೆಳೆಯದ ಉತ್ತರದ ಪ್ರಾಂತ್ಯಗಳಲ್ಲಿ ಪ್ರಾಣಿಗಳ ಕೊಬ್ಬು ಹಾಕಿ ಉರಿಸುವ ತೆರೆದ ದೀಪಗಳೂ ಇದ್ದವು.

ಪೊಂಪೆಯ ಒಂದು ಸಂಗತಿ ನನ್ನನ್ನು ಬಿಟ್ಟಿಲ್ಲ. 1881ರಲ್ಲಿ ಅಲ್ಲಿನ ಒಂದು ಮನೆಯಲ್ಲಿ ಒಂದು ಪೆಟ್ಟಿಗೆ ಮಾಲು ಸಿಕ್ಕಿತು. 90 ಕೆಂಪು ಬಟ್ಟಲು, ಗಾಲ್‌ನಿಂದ ಅಂದರೆ ಈಗಿನ ಫ್ರಾನ್ಸಿನಿಂದ ಬಂದವು. ಜೊತೆಗೆ 37 ದೀಪ, ನಮ್ಮ ಈ ಉತ್ತರ ಇಟಲಿಯ ಕಡೆಯವು, ಕಂಪನಿ ಹೆಸರಿನವು. ಪೆಟ್ಟಿಗೆಯನ್ನು ಇನ್ನೂ ಬಿಚ್ಚಿರಲೇ ಇಲ್ಲ. ಆರ್ಡರ್ ಮಾಡಿ, ದಿನ ಎಣಿಸಿ, ಕೊನೆಗೂ ಮಾಲು ಬಂದು ಬಾಗಿಲಲ್ಲಿ ಇಳಿದಿದೆ, ನಾಳೆ ಬಿಚ್ಚಿದರಾಯಿತು ಅಂದುಕೊಂಡಿದ್ದಾರೆ. ಆ 37 ದೀಪಗಳಲ್ಲಿ ಒಂದಕ್ಕೂ ಎಣ್ಣೆ ಬೀಳಲಿಲ್ಲ.

ಫೋರ್ಟಿಸ್ ದೀಪಕ್ಕೆ ಅರ್ಧ ಅಂಕ ಕಳೆದದ್ದು ಯಾಕೆ ಅಂತ ಕೇಳಬಹುದು. ಹಿಡಿ ಇಲ್ಲ. ಮೂಲದಲ್ಲೂ ಬಹಳಷ್ಟಕ್ಕೆ ಇರುತ್ತಿರಲಿಲ್ಲ, ಆದರೆ ನನಗೆ ಬೇಕಿತ್ತು, ಎರಡು ಗಂಟೆ ಉರಿದ ಮೇಲೆ ಮೂತಿಯ ಹತ್ತಿರ ಮುಟ್ಟಲಾಗುವುದಿಲ್ಲ. ಭುಜದ ಮೇಲೆ ಮೂರು ಗುಬಟುಗಳಿವೆ, ಕೆಲವು ಹಳೆಯ ದೀಪಗಳಲ್ಲಿ ಅವಕ್ಕೆ ತೂತು ಕೊರೆದು ತೂಗು ಹಾಕುತ್ತಿದ್ದರು. ನನ್ನದರಲ್ಲಿ ಕುಂಬಾರರು ತೂತು ಕೊರೆದಿಲ್ಲ. ಕೊರೆದಿದ್ದರೆ ಪೂರ್ತಿ ಐದು. ಆಮೇಲೆ ಡಬ್ಬಿ ಕೊಡಲಿಲ್ಲ, ಹಳೆಯ ಪೇಪರಲ್ಲಿ ಸುತ್ತಿ ಕೊಟ್ಟರು. ಅದಕ್ಕೆ ಅಂಕ ಕಳೆಯುವುದಿಲ್ಲ. ಸೂರ್ಯಕಾಂತಿ ಎಣ್ಣೆಯಲ್ಲೂ ಒಂದು ರಾತ್ರಿ ಹಚ್ಚಿ ನೋಡಿದೆ, ಉರಿಯುತ್ತದೆ, ಆದರೆ ಮಾರನೆಯ ದಿನ ಬಜ್ಜಿ ಅಂಗಡಿಯ ವಾಸನೆ. ಆಲಿವ್ ಎಣ್ಣೆಯೇ ಸರಿ, ಅಗ್ಗದ್ದು ಸಾಕು.

ಕೊನೆಗೆ ಆರಿಸುವ ವಿಷಯ. ಮೊದಲ ದಿನ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ದೀಪ ತೋರಿಸಿ, ಸಾಕು ಅಂತ ಊದಲು ಬಾಯಿ ಹತ್ತಿರ ತಂದೆ. "ಏಯ್, ಬಾಯಲ್ಲಿ ಊದಬೇಡ ಕಣೋ!" ಅಂತ ಆ ಕಡೆಯಿಂದ ಕಿರುಚಿದರು. "ಅಮ್ಮಾ, ಇದು ದೇವರ ದೀಪ ಅಲ್ಲ, ರೋಮನ್ ದೀಪ" ಅಂದೆ. "ಯಾವುದಾದ್ರೇನು, ದೀಪ ಅಲ್ವಾ" ಅಂದರು.

ಆಮೇಲೆ ಗೊತ್ತಾಯಿತು, ರೋಮನ್ನರೂ ಊದುತ್ತಿರಲಿಲ್ಲ. ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ರೋಮನ್ನರ ಪದ್ಧತಿಗಳ ಬಗ್ಗೆ ಪ್ರಶ್ನೆ ಕೇಳಿಕೊಂಡು ಉತ್ತರ ಹುಡುಕುತ್ತಾ ಹೋಗುತ್ತಾನೆ. ಅದರಲ್ಲಿ ಒಂದು ಪ್ರಶ್ನೆ, ರೋಮನ್ನರು ದೀಪ ಆರಿಸದೆ ಅದು ತಾನಾಗಿ ಆರಲು ಯಾಕೆ ಬಿಡುತ್ತಿದ್ದರು ಅಂತ. ಅವನು ಕೊಡುವ ಕಾರಣಗಳಲ್ಲಿ ಒಂದು ಹೀಗಿದೆ. ಬೆಂಕಿ ಜೀವ ಇರುವ ಪ್ರಾಣಿಯ ಹಾಗೆ, ಅದಕ್ಕೂ ಊಟ ಬೇಕು, ಅದೂ ಅಲುಗಾಡುತ್ತದೆ, ಆರಿಸಿದರೆ ಕೊಂದಾಗ ಕೂಗುವ ಹಾಗೆ ಸದ್ದು ಮಾಡುತ್ತದೆ. ಅಮ್ಮನಿಗೆ ಇದನ್ನು ಹೇಳಿದೆ. "ನೋಡು, ಅವರಿಗೂ ಗೊತ್ತಿತ್ತು" ಅಂದರು, ಪ್ಲುಟಾರ್ಕ್ ಪಕ್ಕದ ಬೀದಿಯವನು ಅನ್ನುವ ಹಾಗೆ.

ಈಗ ಮಲಗುವ ಹೊತ್ತು ಲೆಕ್ಕ ಹಾಕಿಯೇ ಎಣ್ಣೆ ಹಾಕುತ್ತೇನೆ. ಏಳೂವರೆಗೆ ಹಚ್ಚಿದರೆ 25 ಮಿಲಿಲೀಟರ್. ಹತ್ತೂಮುಕ್ಕಾಲಿಗೆ ಕುಡಿ ನೀಲಿಯಾಗುತ್ತದೆ, ಎರಡು ಸಲ ಚಟಪಟ ಅನ್ನುತ್ತದೆ, ಬತ್ತಿಯ ತುದಿಯಲ್ಲಿ ಕೆಂಪು ಚುಕ್ಕಿ ಉಳಿಯುತ್ತದೆ. ಹೆಂಡತಿ ಅಷ್ಟರಲ್ಲಿ ಕಿಟಕಿ ತೆರೆದಿರುತ್ತಾಳೆ, ಹೊಗೆ ಹೋಗಲಿ ಅಂತ.